ಎಚ್ಚರಿಕೆ ಬಂದ ಕಡೆಯೆಲ್ಲ ಸೇತುವೆ ಕಟ್ಟಬೇಕೆ?

ಪ್ರಶ್ನೆ: ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮೂರ ಸುತ್ತಿನ ರಸ್ತೆ, ಹಳ್ಳಗಳನ್ನು ಸೇರಿಸುತ್ತಿದ್ದೇನೆ. ಅದನ್ನು ತಿದ್ದುವ ‘ಐಡಿ’ ಎಡಿಟರ್ ಹತ್ತಾರು ಕಡೆ ‘ರಸ್ತೆ ಹಳ್ಳವನ್ನು ದಾಟುತ್ತಿದೆ’ ಎಂದು ಎಚ್ಚರಿಸುತ್ತದೆ. ಸರಿಪಡಿಸುವ ಬಟನ್ನೂ ಅಲ್ಲೇ ಇದೆ. ಎಲ್ಲಕ್ಕೂ ‘ಸೇತುವೆ’ ಒತ್ತಿಬಿಡಲೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಎರಡು ಗೆರೆಗಳು ಒಂದನ್ನೊಂದು ದಾಟಿವೆ, ಹೇಗೆ ದಾಟಿವೆ ಎಂದು ನೀವು ತಿಳಿಸಿಲ್ಲ. ಎಚ್ಚರಿಕೆಯ ಅರ್ಥ ಇಷ್ಟೇ. ಅಲ್ಲಿ ನಿಜಕ್ಕೂ ಏನಿದೆ ಎಂಬುದು ಸಾಫ್ಟ್‌ವೇರ್‌ಗೆ ತಿಳಿಯದು.

ಒಳರಸ್ತೆಗಳಲ್ಲಿ ಎಷ್ಟೋ ಕಡೆ ಇರುವುದು ಬರೀ ಮೋರಿ. ಹಾಗಿದ್ದರೆ ರಸ್ತೆಯನ್ನು ಮುಟ್ಟದೆ ಹಳ್ಳದ ಗೆರೆಯನ್ನು ಆಯ್ದುಕೊಂಡು ‘ಸುರಂಗ’ದ ಬಟನ್ ಒತ್ತಿ. ಗೆರೆ ತುಂಡಾಗಿ, ರಸ್ತೆಯಡಿಯ ತುಂಡಿಗಷ್ಟೇ ‘ಟನಲ್=ಕಲ್ವರ್ಟ್’, ‘ಲೇಯರ್=-1’ (ಒಂದು ಮಟ್ಟ ಕೆಳಗೆ) ಎಂಬ ಟ್ಯಾಗ್‌ಗಳು, ಅಂದರೆ ವಿವರದ ಚೀಟಿಗಳು, ಸೇರುತ್ತವೆ. ಆ ತುಂಡು ರಸ್ತೆಯ ಅಗಲಕ್ಕಿಂತ ತುಸು ಉದ್ದವಿದ್ದರೆ ಸಾಕು. ಝೂಮ್ ಮಾಡಿ ನೋಡಿ, ತೀರಾ ಉದ್ದವಾಗಿದ್ದರೆ ತುದಿಗಳನ್ನು ಎಳೆದು ಕಿರಿದು ಮಾಡಿ. ಸೇತುವೆಯೇ ಇದ್ದರೆ ರಸ್ತೆಯ ತುಂಡಿಗೆ ‘ಬ್ರಿಜ್=ಯೆಸ್’, ‘ಲೇಯರ್=1’. ನೀರಿಗೇ ಇಳಿದು ದಾಟುವ ಜಾಗವಾದರೆ ಎರಡೂ ಗೆರೆ ಕೂಡುವಲ್ಲಿ ಒಂದೇ ಬಿಂದುವಿಟ್ಟು ‘ಫೋರ್ಡ್=ಯೆಸ್’ ಹಾಕಿ. ಮಳೆಗಾಲದಲ್ಲಿ ಮುಳುಗುವ ಸೇತುವೆಗೆ ‘ಫ್ಲಡ್_ಪ್ರೋನ್=ಯೆಸ್’ ಕೂಡ ಬೇಕು. ಅದನ್ನು ಆ ಬಟನ್ ಸೇರಿಸುವುದಿಲ್ಲ, ಊರು ಬಲ್ಲವರೇ ಬರೆಯಬೇಕು. ನೀರಿಗಿಳಿಯುವ ಜಾಗಕ್ಕೆ ಸೇತುವೆ ಎಂದು ಬರೆದರೆ, ದಾರಿ ತೋರಿಸುವ ಆ್ಯಪ್ ಆರಿದ್ರಾ ಮಳೆಯಲ್ಲೂ ಗಾಡಿಗಳನ್ನು ನೇರ ಅಲ್ಲಿಗೇ ಕಳಿಸುತ್ತದೆ.

ಮರಗಳ ಮರೆಯಲ್ಲಿ ಏನೂ ಕಾಣದಿದ್ದರೆ ಹಾಗೇ ಬಿಟ್ಟು ‘ಫಿಕ್ಸ್‌ಮಿ’ ಟ್ಯಾಗ್‌ನಲ್ಲಿ ‘ಸ್ಥಳದಲ್ಲಿ ನೋಡಬೇಕು’ ಎಂದು ಬರೆಯಿರಿ. ಇಂಥ ಎಚ್ಚರಿಕೆ ಉಳಿದಿದ್ದರೂ ಸೇವ್ ಆಗುತ್ತದೆ. ಎಚ್ಚರಿಕೆಗಳನ್ನು ಸೊನ್ನೆಗಿಳಿಸುವ ಚಟಕ್ಕೆ ಬಿದ್ದವರು ಮಾಡುವ ಹಾಳು, ಏನೂ ತಿಳಿಯದ ಹೊಸಬರು ಮಾಡುವುದಕ್ಕಿಂತ ಹೆಚ್ಚು. ಅವರು ಬಿಟ್ಟ ತಪ್ಪು ಮುಂದಿನವರಿಗೆ ತಪ್ಪಾಗಿಯೂ ಕಾಣುವುದಿಲ್ಲ, ಎಚ್ಚರಿಕೆ ಅಳಿಸಿಹೋಗಿರುತ್ತದಲ್ಲ!

ಪ್ರಶ್ನೆ: ‘ರ್‍ಯಾಪಿಡ್’ ಎಂಬ ಇನ್ನೊಂದು ಎಡಿಟರ್‌ನಲ್ಲಿ ಎಐ ಗುರುತಿಸಿದ ರಸ್ತೆಗಳನ್ನು ನಂಬಬಹುದೆ?
– ಓದುಗರು, ಮಂಡ್ಯ

ಉತ್ತರ: ಅಲ್ಲಿ ಕಡುಗುಲಾಬಿ ಬಣ್ಣದಲ್ಲಿ ಕಾಣುವ ಗೆರೆಗಳು ಸಲಹೆಗಳು ಮಾತ್ರ, ನೀವು ಒಪ್ಪಿದ ಮೇಲೆ ಹೊಣೆ ನಿಮ್ಮ ಖಾತೆಯದು. ನಾಲೆಯ ಏರಿ, ಒಣಗಿದ ಹಳ್ಳ, ಗದ್ದೆಯ ದೊಡ್ಡ ಬದು, ಇವೆಲ್ಲ ಉಪಗ್ರಹ ಚಿತ್ರದಲ್ಲಿ ದಾರಿಯಂತೆಯೇ ಕಾಣುತ್ತವೆ. ಹಿನ್ನೆಲೆಯಲ್ಲಿ ಇನ್ನೊಂದು ಕಂಪನಿಯ ಚಿತ್ರವನ್ನೂ ಹಾಕಿ ನೋಡಿ. ಇಡೀ ಗೆರೆ ಪಕ್ಕಕ್ಕೆ ಸರಿದಂತಿದ್ದರೆ ಜಿಪಿಎಸ್ ಜಾಡುಗಳ ಜೊತೆ ಹೋಲಿಸಿ ಚಿತ್ರದ ಆಫ್‌ಸೆಟ್ (ಸರಿದ ಅಂತರ) ಸರಿಮಾಡಿಕೊಳ್ಳಿ. ಹೊಲಕ್ಕೆ ಹೋಗುವ ಗಾಡಿದಾರಿ ‘ಹೈವೇ=ಟ್ರ್ಯಾಕ್’, ಮನೆಗಳ ಬೀದಿಗೆ ಹಾಕುವ ‘ರೆಸಿಡೆನ್ಷಿಯಲ್’ ಅಲ್ಲ.

ಪ್ರಶ್ನೆ: ಜಿಲ್ಲೆಯ ಎಲ್ಲ ಊರುಗಳ ಇಂಗ್ಲಿಷ್ ಹೆಸರನ್ನು ಸ್ಕ್ರಿಪ್ಟ್ ಬರೆದು ಕನ್ನಡ ಲಿಪಿಗೆ ತಿರುಗಿಸಿ ಒಮ್ಮೆಲೇ ಏರಿಸಬಹುದೆ?
– ಓದುಗರು, ಬೆಂಗಳೂರು

ಉತ್ತರ: ಇಂಗ್ಲಿಷ್ ಅಕ್ಷರಗಳಲ್ಲಿ ಲ–ಳ, ನ–ಣ ಭೇದವಿಲ್ಲ. ನಿಮ್ಮ ಸ್ಕ್ರಿಪ್ಟ್ ಹಳ್ಳಿಗಳನ್ನೆಲ್ಲ ಹಲ್ಲಿ ಮಾಡೀತು. ಅದರ ಪಟ್ಟಿಯನ್ನು ಕರಡೆಂದು ಇಟ್ಟುಕೊಳ್ಳಿ, ಒಂದೊಂದು ಹೆಸರನ್ನೂ ಊರ ಫಲಕದ ಜೊತೆ ತಾಳೆ ನೋಡಿ ಕನ್ನಡ ಹೆಸರಿನ ಟ್ಯಾಗ್ ‘ನೇಮ್:ಕೆಎನ್’ನಲ್ಲಿ ತುಂಬಿಸಿ. ಗೂಗಲ್ ಮ್ಯಾಪ್ಸ್ ನೋಡಿ ನಕಲು ಮಾಡಲು ಪರವಾನಗಿ ಇಲ್ಲ.

ಒಂದೊಂದನ್ನೂ ನೋಡದೆ ಒಟ್ಟಿಗೆ ಬದಲಿಸುವುದಾದರೆ ಅದು ಯಾಂತ್ರಿಕ ತಿದ್ದುಪಡಿ. ಅದಕ್ಕೆ ನಿಯಮವಿದೆ: ಮೊದಲೇ ಸಮುದಾಯದಲ್ಲಿ ಚರ್ಚಿಸಬೇಕು, ಓಪನ್‌ಸ್ಟ್ರೀಟ್‌ಮ್ಯಾಪ್ ವಿಕಿಯಲ್ಲಿ ವಿವರ ದಾಖಲಿಸಬೇಕು. ಇಲ್ಲದಿದ್ದರೆ ಯಾರು ಬೇಕಾದರೂ ವಾಪಸ್ ತೆಗೆಯಬಹುದು. ಈ ಕೆಲಸಕ್ಕೆ ಬೇರೆ ಖಾತೆಯಿಟ್ಟುಕೊಂಡರೆ ಒಳ್ಳೆಯದು. ಒಂದು ಚೇಂಜ್‌ಸೆಟ್‌ನಲ್ಲಿ (ಒಟ್ಟಿಗೆ ಏರಿಸುವ ತಿದ್ದುಪಡಿಗಳ ಕಟ್ಟು) 10,000 ಬದಲಾವಣೆಗಳವರೆಗೆ ಹಿಡಿಯುತ್ತವೆ, ಆದರೆ ಅಷ್ಟು ತುಂಬಬೇಡಿ, ತಾಲ್ಲೂಕಿಗೊಂದರಂತೆ ಏರಿಸಿ. ತಪ್ಪಾದರೆ ಜೋಸ್ಮ್ ಎಂಬ ಎಡಿಟರ್‌ನ ‘ರಿವರ್ಟರ್’ ಪ್ಲಗಿನ್‌ನಿಂದ ಅಷ್ಟನ್ನೇ ಹಿಂದಕ್ಕೆ ತರಬಹುದು. ಆದರೆ ಬೇಗ ತನ್ನಿ: ಅಷ್ಟರಲ್ಲಿ ಬೇರೆಯವರು ಅದೇ ಊರುಗಳ ವಿವರ ತಿದ್ದಿದ್ದರೆ ಸಂಘರ್ಷ ಎದುರಾಗಿ, ಒಂದೊಂದನ್ನೂ ಕೈಯಲ್ಲೇ ಬಿಡಿಸಬೇಕಾಗುತ್ತದೆ.