ಓದುಗರ ಪ್ರಶ್ನೆ: ಕಲ್ಲಿನೊಳಗಿನ ಸೂಕ್ಷ್ಮ ಪಳೆಯುಳಿಕೆ

ಪ್ರಶ್ನೆ: ನಾನಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಪೀಕ್ ಡಿಸ್ಟ್ರಿಕ್ಟ್‌ನ ಸುಣ್ಣದ ಕಲ್ಲಿನಲ್ಲಿ ಕೊನೊಡಾಂಟ್‌ಗಳಿವೆ ಎಂದು ಓದಿ, ಒಂದು ಚೂರನ್ನು ಟಾಯ್ಲೆಟ್ ತೊಳೆಯುವ ಆಸಿಡ್‌ನಲ್ಲಿ ಹಾಕಿದೆ. ಕಲ್ಲು ಬೇಗ ಕರಗಿತು, ಬೂದು ರಾಡಿ ಬಿಟ್ಟು ಬೇರೇನೂ ಉಳಿಯಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಆಸಿಡ್‌ನಲ್ಲೇ ತಪ್ಪಿದ್ದೀರಿ. ಕೊನೊಡಾಂಟ್ ಎಂದರೆ ಈಲ್ ಮೀನಿನಂಥ ಪುಟ್ಟ ಪ್ರಾಣಿಯ ಬಾಯಲ್ಲಿದ್ದ ಹಲ್ಲಿನಂಥ ಭಾಗ. ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ಅವು ಕ್ಯಾಲ್ಸಿಯಂ ಫಾಸ್ಫೇಟ್‌ನಿಂದ ಆದವು, ಸುತ್ತಲಿನ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಟಾಯ್ಲೆಟ್ ಆಸಿಡ್‌ನಲ್ಲಿರುವ ಹೈಡ್ರೊಕ್ಲೋರಿಕ್ ಆಮ್ಲ ಎರಡನ್ನೂ ತಿನ್ನುತ್ತದೆ. ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲ ಕಾರ್ಬೊನೇಟನ್ನು ಕರಗಿಸಿ ಫಾಸ್ಫೇಟನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಬಹುಮಟ್ಟಿಗೆ ಅಷ್ಟೇ: ಬರೀ ವಿನಿಗರ್‌ನಲ್ಲಿ ವಾರಗಟ್ಟಲೆ ಬಿದ್ದ ಕೊನೊಡಾಂಟ್‌ನ ಹೊಳಪು ಹೋಗಿ ಮೈ ಸವೆಯುತ್ತದೆ. ಆದ್ದರಿಂದ ಆಮ್ಲದ ಚುರುಕನ್ನು ತಗ್ಗಿಸಬೇಕು.

ಅದಕ್ಕೆ ಒಂದು ಲೀಟರ್ 5% ವಿನಿಗರ್‌ಗೆ ಸುಮಾರು 45 ಗ್ರಾಂ ಮೊಟ್ಟೆಚಿಪ್ಪಿನ ಪುಡಿ ಹಾಕಿ, ನೊರೆ ಪೂರ್ತಿ ನಿಲ್ಲುವವರೆಗೆ ಎರಡು ದಿನ ಬಿಟ್ಟು ಸೋಸಿ. (ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣ ಬೇಡ. ಅದು ಸಾಮಾನ್ಯವಾಗಿ ಜಿಪ್ಸಂ, ಏನೂ ಆಗುವುದಿಲ್ಲ.) ಈ ‘ದಣಿದ’ ದ್ರಾವಣ ಒಂದು ಪಾಲು, ಹೊಸ ವಿನಿಗರ್ ಎರಡು ಪಾಲು: ಇದೇ ನಿಮ್ಮ ಮಿಶ್ರಣ. ಮುಂದಿನ ಸಲ ‘ದಣಿದ’ ಪಾಲಿಗೆ ಬಕೆಟ್‌ನಿಂದ ತೆಗೆದ ಹಳೆಯ ದ್ರಾವಣವನ್ನೇ ಸೋಸಿ ಬಳಸಬಹುದು.

ಲೆಕ್ಕ ಹೀಗೆ: 100 ಗ್ರಾಂ ಶುದ್ಧ ಸುಣ್ಣದ ಕಲ್ಲಿಗೆ 120 ಗ್ರಾಂ ಅಸಿಟಿಕ್ ಆಮ್ಲ ಬೇಕು. ಕಾಲು ಕಿಲೊ ಕಲ್ಲಿಗೆ 300 ಗ್ರಾಂ, ಅಂದರೆ 5% ವಿನಿಗರ್ ಆರು ಲೀಟರ್. ಆಮ್ಲ ಪೂರ್ತಿ ಖರ್ಚಾಗುವುದಿಲ್ಲವಾದ್ದರಿಂದ ಎಂಟು ಲೀಟರ್ ಇಟ್ಟುಕೊಳ್ಳಿ. ಅಗ್ಗವಲ್ಲ, ಆದರೆ ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲವನ್ನು ಅಡುಗೆಮನೆಗೆ ತರುವುದಕ್ಕಿಂತ ಇದೇ ಮೇಲು. ಅದು ಚರ್ಮ ಸುಡುತ್ತದೆ.

ಕಲ್ಲನ್ನು ಎರಡು ಮೂರು ಸೆಂಟಿಮೀಟರ್ ತುಂಡುಗಳಾಗಿ ಒಡೆಯಿರಿ. ಪುಡಿ ಮಾಡಿದರೆ ಪಳೆಯುಳಿಕೆಯೂ ಪುಡಿಯಾಗುತ್ತದೆ. ತುಂಡುಗಳನ್ನು ಪ್ಲಾಸ್ಟಿಕ್ ಜಾಲರಿ ಬುಟ್ಟಿಯಲ್ಲಿಟ್ಟು, ಬಕೆಟ್‌ನ ತಳಕ್ಕೆ ತಾಗದಂತೆ ತೂಗುಹಾಕಿ. ತಳದಲ್ಲೇ ಬಿಟ್ಟರೆ ಕರಗದ ಜೇಡಿ ಕಲ್ಲಿನ ಸುತ್ತ ಕವಿದು ಆಮ್ಲವನ್ನು ತಡೆಯುತ್ತದೆ. ಮುಚ್ಚಳ ಸಡಿಲವಾಗಿರಲಿ: ಕಾಲು ಕಿಲೊ ಕಲ್ಲು ಒಟ್ಟು ಅರವತ್ತು ಲೀಟರ್‌ನಷ್ಟು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಗಾಳಿಯಾಡುವ ಕಡೆ ಇಡಿ. ವಾರಕ್ಕೊಮ್ಮೆ ದ್ರಾವಣ ಬದಲಿಸಿ.

ಪ್ರತಿ ಸಲ ತಳದ ಗಸಿಯನ್ನು 75 ಮೈಕ್ರಾನ್ ಜರಡಿಯ ಮೇಲೆ ಹರಿಯುವ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ, ಬೆರಳಿನಿಂದ ಉಜ್ಜಬೇಡಿ. ಜರಡಿ ದುಬಾರಿ ಎನಿಸಿದರೆ ಸ್ಕ್ರೀನ್ ಪ್ರಿಂಟಿಂಗ್‌ನವರ 77ಟಿ ಬಟ್ಟೆ ಸಾಕು, ಅದರ ಕಣ್ಣೂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಗಸಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಮೂರು ಸಲ ನೀರು ಬದಲಿಸಿ. ಬಹಳ ಮಂದಿ ಎಡವುವುದು ಇಲ್ಲೇ: ಅಸಿಟೇಟ್ (ಆಮ್ಲ ಮತ್ತು ಸುಣ್ಣದ ಕಲ್ಲು ಸೇರಿ ಆದ ಲವಣ) ಉಳಿದಿದ್ದರೆ ಒಣಗುವಾಗ ಬಿಳಿ ಹರಳಾಗಿ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ನೆರಳಲ್ಲಿ ಒಣಗಿಸಿ, ಕಪ್ಪು ತಟ್ಟೆಯ ಮೇಲೆ ತೆಳ್ಳಗೆ ಹರಡಿ, 20ರಿಂದ 40 ಪಟ್ಟು ಹಿಗ್ಗಿಸುವ ಸ್ಟೀರಿಯೊ ಸೂಕ್ಷ್ಮದರ್ಶಕದಲ್ಲಿ ಸಾಲು ಸಾಲಾಗಿ ನೋಡಿ. ಬಾಚಣಿಗೆಯ ಮುರುಕಿನಂತೆ, ಜೇನುಬಣ್ಣದಿಂದ ಕಪ್ಪಿನವರೆಗೆ ಹೊಳೆಯುವುದು ಕಂಡರೆ ಅದೇ. ಕಲ್ಲು ಭೂಮಿಯೊಳಗೆ ಹೆಚ್ಚು ಬಿಸಿಯಾದಷ್ಟೂ ಬಣ್ಣ ಕಡು. 000 ನಂಬರಿನ ಕುಂಚದ ತುದಿಯನ್ನು ಒದ್ದೆ ಮಾಡಿ ತಾಗಿಸಿದರೆ ಅಂಟಿಕೊಂಡು ಬರುತ್ತದೆ. ಚಿಮಟ ಹಿಡಿದರೆ ಮುರಿಯುತ್ತದೆ. ಕೆಲವು ಕಲ್ಲಿನಲ್ಲಿ ಒಂದೂ ಸಿಗದಿರಬಹುದು.

ಪ್ರಶ್ನೆ: ನಮ್ಮ ಅಂಗಳದ ಶಹಾಬಾದ್ ಫರಸಿಯಲ್ಲಿ ಇದನ್ನೇ ಮಾಡಬಹುದೇ? — ಕಲಬುರಗಿಯ ಓದುಗರು

ಉತ್ತರ: ವಿನಿಗರ್ ದಂಡ. ಭೀಮಾ ತಪ್ಪಲಿನ ಆ ಕಲ್ಲು, ಪ್ರಾಣಿಗಳು ಚಿಪ್ಪು-ಹಲ್ಲು ಬೆಳೆಸಿಕೊಳ್ಳುವುದಕ್ಕೂ ಹಿಂದಿನದು.

ಪ್ರಶ್ನೆ: ತಮಿಳುನಾಡಿನ ಅರಿಯಲೂರಿನ ಸುಣ್ಣದ ಕಲ್ಲಿನಿಂದ ಫೊರಾಮಿನಿಫೆರಾ (ಚಿಪ್ಪುಳ್ಳ ಏಕಕೋಶ ಜೀವಿಗಳ ಪಳೆಯುಳಿಕೆ) ಬಿಡಿಸಬೇಕು. ವಿನಿಗರ್ ಆದೀತೇ? — ಬೆಂಗಳೂರಿನ ವಿದ್ಯಾರ್ಥಿನಿ

ಉತ್ತರ: ಬೇಡವೇ ಬೇಡ. ಅವುಗಳ ಚಿಪ್ಪು ಹೆಚ್ಚಾಗಿ ಕಾರ್ಬೊನೇಟೇ. ಕಲ್ಲಿಗಿಂತ ಮೊದಲು ಅವೇ ಹೋಗುತ್ತವೆ. ಮೊದಲು ಹೊಸದಾಗಿ ಒಡೆದ ಮುಖದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕಲ್ಲು ನೀರನ್ನು ಹೀರಿಕೊಂಡರೆ ಅದರಲ್ಲಿ ಜೇಡಿ ಇದೆ, ಸಂದು ಇದೆ ಎಂದರ್ಥ. ಒಂದು ಸೆಂಟಿಮೀಟರ್ ಚೂರುಗಳನ್ನು ನೆನೆಸಿ, ರಾತ್ರಿ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಬಿಸಿನೀರಿಗೆ ಹಾಕಿ. ಸಂದಿನ ನೀರು ಮಂಜಾಗಿ ಹಿಗ್ಗಿ ಕಲ್ಲನ್ನು ಸೀಳುತ್ತದೆ. ಹದಿನೈದು ಇಪ್ಪತ್ತು ಸುತ್ತು ಬೇಕಾದೀತು. ಪಾತ್ರೆ ಪ್ಲಾಸ್ಟಿಕ್‌ನದಿರಲಿ, ಗಾಜು ಬಿರಿಯುತ್ತದೆ.

ಹನಿ ಹಾಗೇ ನಿಂತರೆ ಬಿಡಿಸುವ ಆಸೆ ಬಿಡಿ. ಚಿಪ್ಪನ್ನೂ ಕಲ್ಲನ್ನೂ ಬೆಸೆದಿರುವುದು ಒಂದೇ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಹರಳು. ಗ್ರಾನೈಟ್ ಅಂಗಡಿಯಲ್ಲಿ ಹೋಳು ಮಾಡಿಸಿ, ಗಾಜಿನ ಹಲಗೆಯ ಮೇಲೆ 220, 400, 800, 1200 ನಂಬರಿನ ವಾಟರ್‌ಪೇಪರ್‌ನಲ್ಲಿ ಕ್ರಮವಾಗಿ ಉಜ್ಜಿ. ಒಂದು ನಂಬರಿನಿಂದ ಇನ್ನೊಂದಕ್ಕೆ ಹೋಗುವಾಗ ಕಲ್ಲು, ಗಾಜು, ಕೈ ಮೂರನ್ನೂ ತೊಳೆಯದಿದ್ದರೆ ದಪ್ಪ ಕಾಳೊಂದು ಉಳಿದು ಗೀರು ಎಳೆಯುತ್ತದೆ. ಕೊನೆಗೆ ಮುಖವನ್ನು ಹತ್ತಿಪ್ಪತ್ತು ಸೆಕೆಂಡು ವಿನಿಗರ್‌ನಲ್ಲಿ ಅದ್ದಿ ತೊಳೆದು, ಒದ್ದೆ ಇರುವಾಗಲೇ 10 ಪಟ್ಟಿನ ಮಸೂರದಲ್ಲಿ ನೋಡಿ. ಚಿಪ್ಪಿನ ಕೋಣೆಗಳ ಅಡ್ಡಕೊಯ್ತ ಸುರುಳಿಯಾಗಿ ಕಾಣುತ್ತದೆ.