ರೈಲಿನ ಬಗ್ಗೆ ಬರೆದಿದ್ದೀರಿ, ರೈಲು ಹತ್ತಿಲ್ಲ

ನಮಸ್ಕಾರ.

‘ರಷ್ಯನ್ ಕಾದಂಬರಿಗಳಲ್ಲಿ ರೈಲು’ ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಬೇಜಾರು ಮಾಡ್ಕೋಬೇಡಿ, ಕಾರಣ ನೇರವಾಗಿಯೇ ಹೇಳುತ್ತೇನೆ.

ಮೊದಲ ಪುಟದಲ್ಲೇ ‘ವಿಶಾಲ ರಷ್ಯಾ’ ಏಳು ಸಲ ಬಂದಿದೆ. ನನಗೆ ಒಂದು ಮೈಲಿಯೂ ಕಾಣಲಿಲ್ಲ. ಟಾಲ್‌ಸ್ಟಾಯ್ ಬರೆದ ‘ಅನ್ನಾ ಕರೆನಿನಾ’ದಲ್ಲಿ ಅನ್ನಾ ಮಾಸ್ಕೋದಿಂದ ಪೀಟರ್ಸ್‌ಬರ್ಗಿಗೆ ವಾಪಸ್ ಹೋಗುವ ರಾತ್ರಿಯನ್ನು ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ಸುಮಾರು 650 ಕಿಲೋಮೀಟರ್ ದಾರಿ ಅದು. ಅಲ್ಲಿ ಬಯಲಿನ ವರ್ಣನೆ ಎಲ್ಲಿದೆ ಹೇಳಿ? ಇರುವುದು ಸೀಟಿಗೆ ಸಿಕ್ಕಿಸಿದ ಪುಟ್ಟ ದೀಪ, ಮನಸ್ಸು ನಿಲ್ಲದ ಒಂದು ಇಂಗ್ಲಿಷ್ ಕಾದಂಬರಿ, ಎಡಗಡೆ ಕಿಟಕಿಗೆ ಬಡಿದು ಅಂಟುವ ಹಿಮ. ಹಾಳೆ ಬಿಡಿಸುವ ಚಾಕುವನ್ನು ಅವಳು ಗಾಜಿನ ಮೇಲೆ ಆಡಿಸಿ, ಆ ತಣ್ಣನೆಯದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಗಾಡಿ ಮುಂದೆ ಹೋಗ್ತಿದೆಯೋ, ಹಿಂದೆಯೋ, ನಿಂತೇ ಇದೆಯೋ ಅನ್ನುವುದೂ ಅವಳಿಗೆ ಗೊತ್ತಾಗುವುದಿಲ್ಲ. ದಿಕ್ಕು ತಪ್ಪಿದ ಮೇಲೆಯೇ ಅವಳು ಗಾಳಿಗೆಂದು ಸ್ಟೇಷನ್ನಿನಲ್ಲಿ ಇಳಿಯುವುದು. ಹಿಮಗಾಳಿಯಲ್ಲಿ, ಅವಳನ್ನು ಪ್ರೀತಿಸುವ ಸೇನಾಧಿಕಾರಿ ವ್ರಾನ್‌ಸ್ಕಿ ಎದುರಾಗುವುದು.

ದಾಸ್ತೊಯೆವ್‌ಸ್ಕಿಯ ‘ಈಡಿಯಟ್’ ಶುರುವಾಗುವುದೂ ಹೀಗೆಯೇ ಅಲ್ವಾ? ವಾರ್ಸಾದಿಂದ ಬರುವ ರೈಲು, ಮೂರನೇ ದರ್ಜೆ, ಹಳಿಯಿಂದ ಹತ್ತು ಹೆಜ್ಜೆ ಆಚೆ ಏನೂ ಕಾಣದ ಮಂಜು. ಮಿಷ್ಕಿನ್, ರೊಗೋಜಿನ್ ಎದುರುಬದುರು. ‘ಮೊಣಕಾಲು ತಾಗುವಷ್ಟು ಹತ್ತಿರ ಕೂತ ಅಪರಿಚಿತರು’ ಅಂತ ಬರೆದಿದ್ದೀರಿ. ಇಡೀ ಲೇಖನದಲ್ಲಿ ನನಗೆ ಹಿಡಿಸಿದ ಮಾತು ಅದು. ಅಲ್ಲಿಂದಲೇ ಶುರು ಮಾಡಿ.

ನೋಡಿ, ಒಬ್ಬರು ಹಿಮ ಸುರಿಸಿ, ಇನ್ನೊಬ್ಬರು ಮಂಜು ಕವಿಸಿ, ಇಬ್ಬರೂ ಕಿಟಕಿ ಮುಚ್ಚಿಬಿಟ್ಟಿದ್ದಾರೆ. ಕಣ್ತುಂಬ ಬಯಲು ಬೇಕಿದ್ದರೆ ಅದು ಸಿಗುವುದು ಕುದುರೆ ಗಾಡಿ ಪಯಣದಲ್ಲಿ. ಚೆಕಾವ್ 1888ರಲ್ಲಿ ಬರೆದ ‘ಸ್ಟೆಪ್’ (ಅಂದರೆ ಹುಲ್ಲುಬಯಲು) ಕಥೆಯ ಹುಡುಗ ಉಣ್ಣೆ ಮೂಟೆಗಳ ಮೇಲೆ ಮಲಗಿ ಆಕಾಶ ನೋಡುತ್ತಾನೆ. ರೈಲಿನ ಮುಚ್ಚಿದ ಕಿಟಕಿ, ಗಾಡಿಯ ತೆರೆದ ಬಯಲು, ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಒಂದು ತಪ್ಪು ಮಾತ್ರ ತಿದ್ದಲೇಬೇಕು. ಚೆಕಾವ್ ರಷ್ಯಾದ ಪೂರ್ವ ತುದಿಯ ದ್ವೀಪ ಸಖಾಲಿನ್‌ಗೆ ಟ್ರಾನ್ಸ್-ಸೈಬೀರಿಯನ್ ರೈಲಿನಲ್ಲಿ ಹೋದ ಅಂದಿದ್ದೀರಿ. ಅವನು ಹೋಗಿದ್ದು 1890ರಲ್ಲಿ. ಆ ಹಳಿ ಹಾಕಲು ಶುರು ಮಾಡಿದ್ದೇ 1891ರಲ್ಲಿ. ಸೈಬೀರಿಯಾದ ತ್ಯುಮೆನ್ ಊರು ದಾಟಿದ ಮೇಲೆ ಅವನ ಪಾಲಿಗೆ ಕುದುರೆ ಗಾಡಿ, ಕೆಸರು, ಉಕ್ಕಿದ ನದಿಗಳು.

ಅರ್ಧಕ್ಕೆ ಇಳಿಸಿ ಕಳಿಸಿ. ದೂರದ ಹಳೆಯ ರಷ್ಯನ್ ಅಳತೆ ‘ವೆರ್ಸ್ಟ್’ (ಸುಮಾರು ಒಂದು ಕಿಲೋಮೀಟರ್) ಪದ ಹಾಗೇ ಇರಲಿ, ‘ಹರದಾರಿ’ ಬೇಡ.