ಮುಂದೆ ಮ್ಯಾನೇಜರ್ ಆಗುವವರಿಗೆ ಇನ್ಫರ್ಮೇಶನ್ ಸಿಸ್ಟಮ್ (ಕಂಪನಿಯ ಮಾಹಿತಿ ನೋಡಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆ) ಹೇಗೆ ಕಲಿಸಬೇಕು? ಕೋಡಿಂಗ್ ಬೇಕಾ?

ಕೋಡಿಂಗ್ ಬೇಕಾಗಿಲ್ಲ. ಹಾಗಂತ ಯಾವ ಮೆನುವಿನಲ್ಲಿ ಯಾವ ಬಟನ್ ಇದೆ ಅಂತ ಬಾಯಿಪಾಠ ಮಾಡಿಸುವುದೂ ದಂಡ. ಮುಂದಿನ ಅಪ್‌ಡೇಟ್‌ನಲ್ಲಿ ಅದು ಜಾಗ ಬದಲಿಸಿರುತ್ತದೆ.

ನಾನಾದರೆ ಒಂದೇ ಒಂದು ಆರ್ಡರ್‌ನಿಂದ ಶುರು ಮಾಡುತ್ತೇನೆ. ಆರ್ಡರ್, ಸ್ಟಾಕ್, ಲೆಕ್ಕ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ಥರದ ಓಪನ್ ಸೋರ್ಸ್ ಸಾಫ್ಟ್‌ವೇರ್ ಸಾಕು. ವಿದ್ಯಾರ್ಥಿ ಅದರಲ್ಲಿ ಗ್ರಾಹಕರೊಬ್ಬರ 10 ಪೆಟ್ಟಿಗೆ ಮಾಲಿನ ಆರ್ಡರ್ ತುಂಬಲಿ. ಮಾಲು ಕಳಿಸಿದರೆ ಸ್ಟಾಕ್ ಇಳಿಯುತ್ತದೆ, ಬಿಲ್ ಮಾಡಿದರೆ ಲೆಡ್ಜರ್‌ನಲ್ಲಿ ಗ್ರಾಹಕರ ಬಾಕಿ ಏರುತ್ತದೆ. ಆಮೇಲೆ ಬೇಕಂತಲೇ 10ರ ಬದಲು 100 ಹಾಕಿಸಿ. ಯಾರೂ ಕೇಳದ 90 ಪೆಟ್ಟಿಗೆ ತರಿಸಲು ಖರೀದಿ ವಿಭಾಗ ಓಡಾಡುತ್ತದೆ. ಒಂದು ಸೊನ್ನೆ ಎಷ್ಟು ಮೇಜು ಸುತ್ತುತ್ತದೆ ಅಂತ ಕಣ್ಣಾರೆ ನೋಡಿದವರು ಮರೆಯುವುದಿಲ್ಲ.

ಕೇಸ್ ಸ್ಟಡಿಗೆ ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ ಒಳ್ಳೆಯದು. ಅವರ ಹೊಸ ಕಂಪ್ಯೂಟರ್ ವ್ಯವಸ್ಥೆಗೆ 48 ತಿಂಗಳು ಬೇಕು ಅಂತ ಅಂದಾಜಿತ್ತು. 30 ತಿಂಗಳಲ್ಲೇ ಮುಗಿಸಲು ಹೊರಟರು. 1999ರಲ್ಲಿ, ಅಲ್ಲಿ ಮಕ್ಕಳಿಗೆ ಮಿಠಾಯಿ ಹಂಚುವ ಹ್ಯಾಲೋವೀನ್ ಹಬ್ಬದ ಆರ್ಡರ್‌ಗಳು ಬರುವ ಹೊತ್ತಿಗೇ ಚಾಲೂ ಮಾಡಿದರು. ಸುಮಾರು 10 ಕೋಟಿ ಡಾಲರ್ ಮೌಲ್ಯದ ಆರ್ಡರ್ ಪೂರೈಸಲು ಆಗಲಿಲ್ಲ. ಗೋದಾಮಿನಲ್ಲಿ ಮಾಲು ಇದ್ದೇ ಇತ್ತು! ಇದು ಪ್ರೋಗ್ರಾಮರ್‌ಗಿಂತ ಜಾಸ್ತಿ, ದಿನಾಂಕ ಗೊತ್ತುಮಾಡಿದವರ ತಪ್ಪು ಅಲ್ವಾ?

ಪರೀಕ್ಷೆಯಲ್ಲಿ ವ್ಯಾಖ್ಯಾನ ಕೇಳಬೇಡಿ. ಸುಮ್ನೆ ಒಂದು ಮಾರಾಟದ ವರದಿ ಕೈಗೆ ಕೊಡಿ. "ಈ ಅಂಕಿ ಎಲ್ಲಿಂದ ಬಂತು? ಯಾರು ತುಂಬಿದ್ದು? ವಾಪಸ್ ಬಂದ ಮಾಲನ್ನು ಲೆಕ್ಕದಿಂದ ಕಳೆದಿದ್ದಾರಾ?" ಅಂತ ಅವರೇ ತಿರುಗಿ ಕೇಳಿದರೆ ಪೂರ್ತಿ ಮಾರ್ಕ್ಸ್ ಕೊಟ್ಟುಬಿಡಿ.